ಭಾರವಿದ್ದ ಸಿಲಿಂಡರ್, ಬಾರದ ಗ್ಯಾಸ್

ಜನವರಿಯ ಒಂದು ರಾತ್ರಿ ಎರಡೂವರೆ ಗಂಟೆಗೆ ಫೋನ್ ಬಂತು. ಜರ್ಮನಿಯ ಮ್ಯೂನಿಕ್ ನಗರದ ಹೊರವಲಯದಲ್ಲಿ ಮೋಟರ್‌ಹೋಮ್‌ಗಳನ್ನು, ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ಮನೆಯಂಥ ವಾಹನಗಳನ್ನು, ಬಾಡಿಗೆಗೆ ಕೊಡುವ ಕಡೆ ನನಗೆ ಕೆಲಸ. ವಾಹನವನ್ನು ಸಜ್ಜುಗೊಳಿಸಿ, ಗಿರಾಕಿಗಳಿಗೆ ಒಂದೊಂದನ್ನೂ ತೋರಿಸಿ ಕೀಲಿ ಕೊಡುವವನು ನಾನು. ಚಳಿಗಾಲದಲ್ಲಿ ತುರ್ತು ಕರೆಗಳ ಸರದಿಯೂ ಇರುತ್ತದೆ. ಆ ರಾತ್ರಿ ಕರೆ ಮಾಡಿದ್ದು ಹಾಸನ ಕಡೆಯ ಒಂದು ಕುಟುಂಬ: ಗಂಡ ಹೆಂಡತಿ, ಎರಡು ಮಕ್ಕಳು, ಊರಿನಿಂದ ಬಂದಿದ್ದ ಅಜ್ಜ. ಆಸ್ಟ್ರಿಯಾದ ಸೀಫೆಲ್ಡ್ ಬಳಿ, ಸುಮಾರು 1,200 ಮೀಟರ್ ಎತ್ತರದಲ್ಲಿ ತಂಗಿದ್ದರು. ಹೊರಗೆ ಸೊನ್ನೆಗಿಂತ 14 ಡಿಗ್ರಿ ಕೆಳಗೆ.

"ಹೀಟರ್ ನಿಂತುಹೋಗಿದೆ ಸರ್, ಕೆಂಪು ದೀಪ ಉರಿಯುತ್ತಿದೆ. ಬಾಯ್ಲರ್ ನೀರೆಲ್ಲ ಹೊರಗೆ ಹರಿದುಹೋಯಿತು. ಆದರೆ ಸಿಲಿಂಡರ್ ಖಾಲಿಯಾಗಿಲ್ಲ. ಅಲ್ಲಾಡಿಸಿ ನೋಡಿದೆ, ಒಳಗೆ ದ್ರವ ತುಳುಕುತ್ತಿದೆ."

ಹಿಂದಿನಿಂದ ಅಜ್ಜನ ದನಿ ಕೇಳಿಸಿತು: "ಕೆಟಲ್‌ನಲ್ಲಿ ನೀರು ಕಾಯಿಸಿ ಮೇಲೆ ಸುರಿದರೆ ಆಗುವುದಿಲ್ಲವೇನಪ್ಪಾ? ಇಲ್ಲವಾದರೆ ಅಡ್ಡ ಮಲಗಿಸೋಣ."

ಗ್ಯಾಸ್ ಮುಗಿಯುವ ಹೊತ್ತಿಗೆ ಸಿಲಿಂಡರನ್ನು ಅಡ್ಡ ಹಾಕಿ ಇನ್ನೊಂದು ಹೊತ್ತಿನ ಅಡುಗೆ ಮುಗಿಸುವುದನ್ನು ನಮ್ಮ ಊರುಗಳಲ್ಲಿ ನೋಡದವರು ಯಾರು? ಎರಡೂ ಬೇಡವೆಂದು ಕೈಮುಗಿದು ಹೇಳಿದೆ. ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಆಮೇಲೆ ಜ್ವಾಲೆ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಸುರಿದ ನೀರು ಆ ಚಳಿಯಲ್ಲಿ ಕ್ಷಣದಲ್ಲಿ ಹೆಪ್ಪುಗಟ್ಟಿ, ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿರುವ ಗಾಳಿಕಿಂಡಿಯನ್ನು ಮುಚ್ಚಿಬಿಡುತ್ತದೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ಹೊರಗೆ ಹೋಗಲಿ ಎಂದೇ ಆ ಕಿಂಡಿಯನ್ನು ಇಟ್ಟಿರುತ್ತಾರೆ.

ಬಾಯ್ಲರ್ ನೀರು ಹರಿದುಹೋದದ್ದು ಕೆಡುಕಲ್ಲ. ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದಾಗ ಒಂದು ಕವಾಟ ತಾನಾಗಿ ತೆರೆದು 10 ಲೀಟರ್ ನೀರನ್ನು ಹೊರಗೆ ಬಿಡುತ್ತದೆ, ನೀರು ಒಳಗೇ ಹೆಪ್ಪುಗಟ್ಟಿ ಬಾಯ್ಲರ್ ಸೀಳದಿರಲಿ ಎಂದು. ಅದನ್ನು ವಿವರಿಸುವ ಹೊತ್ತು ಅದಾಗಿರಲಿಲ್ಲ. ತಂಗುದಾಣದ ಸ್ನಾನಗೃಹದ ಕಟ್ಟಡ ರಾತ್ರಿಯಿಡೀ ಬೆಚ್ಚಗಿರುತ್ತದೆ, ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿ ಮೊದಲು ಅಲ್ಲಿಗೆ ಹೋಗಿ ಎಂದೆ. ಬೆಳಗಿನ ಜಾವ ಎರಡು ಸಿಲಿಂಡರ್ ಹೇರಿಕೊಂಡು ಹೊರಟೆ. ದಾರಿಯುದ್ದಕ್ಕೂ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ತೂಕ ಹಾಕಿಯೇ ಕೊಟ್ಟಿದ್ದೆನಲ್ಲ?

ನಿಜ, ತೂಕ ಹಾಕಿದ್ದೆ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿಯ ಕೊಕ್ಕೆಯನ್ನು ಸಿಲಿಂಡರಿನ ಹಿಡಿಗೆ ಸಿಕ್ಕಿಸಿ ಎತ್ತಿ, ಕುತ್ತಿಗೆಯ ಮೇಲೆ ಒತ್ತಿರುವ ಖಾಲಿ ತೂಕವನ್ನು ಕಳೆದರೆ ಉಳಿದದ್ದು ಗ್ಯಾಸ್. ಮೊದಲನೆಯದರಲ್ಲಿ ಪೂರ್ತಿ 11 ಕೆ.ಜಿ. ಇತ್ತು. ಎರಡನೆಯದು ಪಂಪಿನಲ್ಲಿ ಮತ್ತೆ ಮತ್ತೆ ತುಂಬಿಸಬಹುದಾದ ಬಗೆಯದು, ಅದರಲ್ಲಿ ಸುಮಾರು 8 ಕೆ.ಜಿ. ಐದು ದಿನಕ್ಕೆ ಸಾಕು ಎಂದು ಬರೆದುಕೊಟ್ಟೆ. ಅದನ್ನು ಕೊನೆಯ ಸಲ ತುಂಬಿಸಿದ್ದು ಎಲ್ಲಿ, ಯಾವಾಗ ಎಂದು ಮಾತ್ರ ನೋಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಿಂದಿನ ಗಿರಾಕಿಗಳು ಇಟಲಿಯ ಪಂಪೊಂದರಲ್ಲಿ ವಾಹನಗಳ ಗ್ಯಾಸನ್ನೇ ತುಂಬಿಸಿದ್ದರು.

ತಪ್ಪು ಅಲ್ಲಿತ್ತು. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ ಹೋದರೂ ಕುದಿದು ಅನಿಲವಾಗುತ್ತದೆ. ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆಯ ಹತ್ತಿರವೇ ನಿಂತುಬಿಡುತ್ತದೆ. ವಾಹನಗಳಿಗೆ ತುಂಬುವ ಗ್ಯಾಸ್ ಈ ಎರಡರ ಮಿಶ್ರಣ. ಬೇಸಿಗೆಯಲ್ಲಿ, ಅದರಲ್ಲೂ ದಕ್ಷಿಣದ ದೇಶಗಳಲ್ಲಿ, ಬ್ಯುಟೇನ್ ಪಾಲು ಹೆಚ್ಚು. ಜೊತೆಗೆ, ಬಳಸುತ್ತ ಹೋದಂತೆ ಸುಲಭವಾಗಿ ಆವಿಯಾಗುವ ಪ್ರೊಪೇನ್ ಮೊದಲು ಖರ್ಚಾಗಿ ತಳದಲ್ಲಿ ಬ್ಯುಟೇನ್ ಉಳಿಯುತ್ತದೆ. ಮೊದಲ ಸಿಲಿಂಡರ್ ಮೂರನೆಯ ಸಂಜೆ ಮುಗಿದು, ರೆಗ್ಯುಲೇಟರ್ ತಾನಾಗಿ ಎರಡನೆಯದಕ್ಕೆ ಬದಲಾಯಿಸಿಕೊಂಡಿತ್ತು. ಕೆಲಹೊತ್ತು ಉರಿಯಿತು. ರಾತ್ರಿ ಚಳಿ ಏರಿದಾಗ ಒತ್ತಡ ಬಿದ್ದುಹೋಯಿತು.

ಸೀಫೆಲ್ಡ್ ತಲುಪಿ ಕೈಗವಸು ತೆಗೆದು ಆ ಸಿಲಿಂಡರನ್ನು ಮುಟ್ಟಿ ನೋಡಿದೆ. ಗ್ಯಾಸ್ ಕೊಡುತ್ತಿರುವ ಸಿಲಿಂಡರಿನ ಮೈಮೇಲೆ ದ್ರವ ಇರುವ ಮಟ್ಟದವರೆಗೆ ಹಿಮದ ಬಿಳಿ ಪೊರೆ ಕಟ್ಟಿರುತ್ತದೆ. ಇದರ ಮೈ ಬರಿದಾಗಿತ್ತು. ಕೊಳವೆ ಬಿಚ್ಚಿ ಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿದೆ, ಉಸ್ಸೆಂಬ ಸದ್ದಿಲ್ಲ. ಅದೇ ಸಿಲಿಂಡರನ್ನು ವಾಪಸು ತಂದು ಕಾರ್ಯಾಗಾರದ 20 ಡಿಗ್ರಿ ಬಿಸುಪಿನಲ್ಲಿ ನಿಲ್ಲಿಸಿದೆ. ಸಂಜೆಗೆ ಒಲೆಗೆ ಜೋಡಿಸಿದಾಗ ನೀಲಿ ಜ್ವಾಲೆ ಸ್ಥಿರವಾಗಿ ಉರಿಯಿತು. ನಮ್ಮ ಹಿರಿಯ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಿ ಒಂದೇ ಮಾತು ಹೇಳಿದರು: "ನೀನು ತೂಕ ಕೇಳಿದೆ, ಹೆಸರು ಕೇಳಲಿಲ್ಲ."

ಅಂದಿನಿಂದ ಪ್ರತಿ ಸಿಲಿಂಡರಿಗೂ ಅಂಟುಪಟ್ಟಿ ಹಚ್ಚುತ್ತೇನೆ: ಯಾವ ಗ್ಯಾಸ್, ಯಾವ ದೇಶ, ಯಾವ ತಿಂಗಳು. ಅಕ್ಟೋಬರ್ ನಂತರ ಪ್ರೊಪೇನ್ ಎಂದು ಖಾತ್ರಿಯಾಗದ ಯಾವುದೂ ನನ್ನ ಕೈಯಿಂದ ಹೊರಹೋಗುವುದಿಲ್ಲ. ಎರಡು ಕಿಲೋವಾಟ್‌ನ ವಿದ್ಯುತ್ ಹೀಟರ್ ಒಂದನ್ನೂ ವಾಹನದೊಳಗೆ ಇಡುತ್ತೇನೆ. ತಂಗುದಾಣದಲ್ಲಿ ವಿದ್ಯುತ್ ಇದ್ದರೆ ಅದೇ ಎರಡನೆಯ ಆಸರೆ.

ಲೆಕ್ಕವನ್ನೂ ಈಗ ಬೇರೆ ರೀತಿ ಹೇಳಿಕೊಡುತ್ತೇನೆ. ನಮ್ಮಲ್ಲಿ ಹೆಚ್ಚಾಗಿರುವುದು ಟ್ರೂಮಾ ಕಾಂಬಿ 6 ಹೀಟರ್. ಅದು ಗಂಟೆಗೆ 160ರಿಂದ 480 ಗ್ರಾಂ ಗ್ಯಾಸ್ ಸುಡುತ್ತದೆ. ಪೂರ್ತಿ ಬಲದಲ್ಲಿ ಉರಿಸುತ್ತಲೇ ಇದ್ದರೆ 11 ಕೆ.ಜಿ. ಒಂದು ದಿನವೂ ಬಾರದು. ಕಡಿಮೆ ಬಲದಲ್ಲಿ ಮೂರು ದಿನಕ್ಕೆ ಸ್ವಲ್ಪ ಕಡಿಮೆ. ಈ ಎರಡರಲ್ಲಿ ನಿಮ್ಮದು ಯಾವುದಕ್ಕೆ ಹತ್ತಿರ ಎಂಬುದನ್ನು ನಿರ್ಧರಿಸುವುದು ಮುಂದಿನ ಗಾಜು. ಚಾಲಕನ ಕೋಣೆಯ ಆ ದೊಡ್ಡ ಗಾಜಿನ ಮೂಲಕ ಬಿಸಿ ಹೊರಗೆ ಹೋಗುವಷ್ಟು ಬೇರೆಲ್ಲೂ ಹೋಗುವುದಿಲ್ಲ. ದಪ್ಪ ಹೊದಿಕೆಯನ್ನು ಗಾಜಿನ ಹೊರಗಡೆ ಹಾಕಬೇಕು. ಒಳಗೆ ಮಾತ್ರ ಹಾಕಿದರೆ ಗಾಜು ತಣ್ಣಗೇ ಉಳಿದು ನೀರು ಜಿನುಗುತ್ತದೆ. ಚಾಲಕನ ಆಸನದ ಹಿಂದೆ ಒಂದು ದಪ್ಪ ಪರದೆ ಎಳೆದರೂ ವ್ಯತ್ಯಾಸ ಗೊತ್ತಾಗುತ್ತದೆ.

ರಾತ್ರಿ ಹೀಟರ್ ಆರಿಸಿ ಗ್ಯಾಸ್ ಉಳಿಸುತ್ತೇವೆ ಎನ್ನುವವರು ಬಹಳ. ಕಡು ಚಳಿಯಲ್ಲಿ ಅದು ಬೇಡ. ಗೋಡೆ, ನೆಲ, ಹಾಸಿಗೆ, ನೀರಿನ ಕೊಳವೆ ಎಲ್ಲವೂ ತಣ್ಣಗಾಗುತ್ತವೆ, ಬೆಳಿಗ್ಗೆ ಹೀಟರ್ ಪೂರ್ತಿ ಬಲದಲ್ಲಿ ಗಂಟೆಗಟ್ಟಲೆ ಓಡಬೇಕಾಗುತ್ತದೆ. 15-16 ಡಿಗ್ರಿಗೆ ಇಳಿಸಿ ಮಲಗಿ ಎನ್ನುತ್ತೇನೆ.

ಇನ್ನೊಂದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಚಳಿಗಾಳಿ ಬರುತ್ತದೆ ಎಂದು ಛಾವಣಿಯ, ನೆಲದ ಗಾಳಿಕಿಂಡಿಗಳಿಗೆ ಬಟ್ಟೆ ತುರುಕಬೇಡಿ. ಅಡುಗೆ ಒಲೆ ಹಚ್ಚಿ ಮೈ ಕಾಯಿಸಬೇಡಿ. ಒಲೆಯ ಹೊಗೆ ನೀವು ಮಲಗುವ ಜಾಗದಲ್ಲೇ ಉಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲಿರುವವರಿಗೆ ಅದರ ಸುಳಿವು ಸಿಗುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ ಕಾಫಿಗಿಂತ ಮೊದಲು ಹೊರಗೆ ಹೋಗಿ ಹೀಟರಿನ ಹೊಗೆಕೊಳವೆಯ ಬಾಯಿಯಿಂದ ಹಿಮವನ್ನು ಕೈಯಿಂದ ತೆಗೆಯಿರಿ.

ಆ ಕುಟುಂಬ ಹೋದ ಚಳಿಗಾಲ ಮತ್ತೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಸಿಲಿಂಡರ್ ಪೆಟ್ಟಿಗೆಯ ಬಾಗಿಲು ತೆಗೆದು, ಕನ್ನಡಕ ಮೇಲೆತ್ತಿ, ಎರಡೂ ಪಟ್ಟಿಗಳನ್ನು ಗಟ್ಟಿಯಾಗಿ ಓದಿದರು.