ಸಾವಯವ ಹರಳಿನಲ್ಲಿ ಬೆಳಕು: ನಷ್ಟದ ಅಂಕಿಯನ್ನು ನಂಬುವ ಮುನ್ನ

ಬೆಳಕು ಸಾಗಿಸುವ ಸಾವಯವ (ಇಂಗಾಲದ ಅಣುಗಳಿಂದಾದ) ಹರಳುಗಳ ಬಗ್ಗೆ ಬರುವ ಬಹುತೇಕ ಪ್ರಬಂಧಗಳಲ್ಲಿ ಮಿಲಿಮೀಟರಿಗೆ ಇಷ್ಟು ಡೆಸಿಬೆಲ್ ನಷ್ಟ (ದಾರಿಯಲ್ಲಿ ಕಳೆದುಹೋಗುವ ಬೆಳಕಿನ ಅಳತೆ) ಅಂತ ಒಂದು ಅಂಕಿ ಇರುತ್ತದೆ. ಹೊಸಬರು ಅದನ್ನು ಕರಗುವ ಬಿಂದುವಿನಂತೆ ಆ ವಸ್ತುವಿನದೇ ಗುಣ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೇ ಟ್ಯೂಬಿನಲ್ಲಿ ಬೆಳೆದ ಎರಡು ಹರಳುಗಳ ನಷ್ಟವೂ ಬೇರೆ ಬೇರೆ ಬರಬಹುದು. ಹರಳಿನ ಮೈ, ತುದಿ, ಅದು ಕೂತ ಜಾಗ, ಅಳೆದ ಕ್ರಮ ಎಲ್ಲವೂ ಆ ಅಂಕಿಯೊಳಗೆ ಸೇರಿಕೊಂಡಿರುತ್ತವೆ.

ಸಿಲಿಕಾ ಫೈಬರಿನ ನಷ್ಟ 1550 ನ್ಯಾನೊಮೀಟರಿನಲ್ಲಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್. ಹರಳಿನ ಲೆಕ್ಕ ಮಿಲಿಮೀಟರಿನಲ್ಲಿ. ಆದ್ದರಿಂದ ಊರಿಂದ ಊರಿಗೆ ಹರಳಿನ ಕೇಬಲ್ ಎಂಬ ಮಾತು ಬೇಡ. ಇದರ ಜಾಗ ಚಿಪ್ ಮೇಲೆ, ಕೆಲವು ನೂರು ಮೈಕ್ರಾನ್ ದೂರದೊಳಗೆ.

ಶುರು ಮಾಡುವವರಿಗೆ 2-ಹೈಡ್ರಾಕ್ಸಿ-1-ನ್ಯಾಫ್ತಾಲ್ಡಿಹೈಡ್ ಮತ್ತು ಒಂದು ಆರೊಮ್ಯಾಟಿಕ್ ಅಮೈನ್ ಸೇರಿಸಿ ಮಾಡುವ ಇಮೈನ್‌ಗಳು ಅನುಕೂಲ. ಎರಡನ್ನೂ ಸಮ ಮೋಲ್ ತೆಗೆದುಕೊಂಡು ಎಥನಾಲಿನಲ್ಲಿ ರಿಫ್ಲಕ್ಸ್ ಮಾಡಿ (ಆವಿ ತಣಿದು ಮರಳಿ ಬೀಳುವಂತೆ ಕುದಿಸಿ), ತಣಿಸಿ, ಸೋಸಿದರೆ ಸಾಮಾನ್ಯವಾಗಿ ಹಳದಿ ಅಥವಾ ಕಿತ್ತಳೆ ಬಣ್ಣದ ಪುಡಿ ಸಿಗುತ್ತದೆ. ಅದರಲ್ಲಿ 5 ಮಿಲಿಗ್ರಾಂ ಅನ್ನು 1 ಮಿಲಿಲೀಟರ್ ಡೈಕ್ಲೋರೊಮೀಥೇನಿನಲ್ಲಿ ಕರಗಿಸಿ, 0.45 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರಿನಿಂದ ಸೋಸಿ, ಕಿರಿದಾದ ಗಾಜಿನ ಟ್ಯೂಬಿಗೆ ಹಾಕಿ. ಮೇಲೆ 3 ಮಿಲಿಲೀಟರ್ ಎಥನಾಲನ್ನು ಟ್ಯೂಬಿನ ಗೋಡೆಗುಂಟ ಹನಿಹನಿಯಾಗಿ ಬಿಡಿ. ಭಾರವಾದ ಡೈಕ್ಲೋರೊಮೀಥೇನ್ ಕೆಳಗೇ ನಿಲ್ಲುತ್ತದೆ. ಅವಸರದಲ್ಲಿ ಸುರಿದರೆ ಪದರಗಳು ಕಲಸಿಹೋಗಿ ಪುಡಿಯೇ ಇಳಿಯುತ್ತದೆ. ಸೋಸದಿದ್ದರೆ ಪ್ರತಿ ಧೂಳಿನ ಕಣದ ಮೇಲೂ ಹರಳು ಹುಟ್ಟಿ, ಉದ್ದ ಸೂಜಿಯ ಬದಲು ಮೊಂಡು ಗೊಂಚಲು ಸಿಗುತ್ತದೆ. ಪಾಲಿಸ್ಟೈರೀನ್ ಪಾತ್ರೆ ಹತ್ತಿರ ತರಬೇಡಿ, ಈ ದ್ರಾವಕ ಅದನ್ನು ಕರಗಿಸುತ್ತದೆ.

ಎಕ್ಸ್-ರೇ ಅಳತೆಗೆ ಹರಳನ್ನು ಎಣ್ಣೆಯಲ್ಲಿ ಎತ್ತುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಎಣ್ಣೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿ) ಸುಮಾರು 1.47, ಮೈಗೆ ಅಂಟಿದರೆ ಬೆಳಕು ಅಲ್ಲೇ ಸೋರುತ್ತದೆ. ಗಾಜಿನ ಸ್ಲೈಡಿನದೂ ಇದೇ ಕಥೆ. ಹರಳಿನ ಸೂಚ್ಯಂಕ 1.65 ಎಂದಿಟ್ಟುಕೊಂಡರೆ, ಗಾಳಿಯ ಕಡೆ ಕ್ರಾಂತಿಕೋನ ಸುಮಾರು 37 ಡಿಗ್ರಿ, 1.51ರ ಗಾಜಿನ ಕಡೆ 66. ಇದಕ್ಕಿಂತ ಓರೆಯಾಗಿ ಮೈಗೆ ತಾಗಿದ ಬೆಳಕಷ್ಟೇ ಒಳಗುಳಿಯುತ್ತದೆ, ಕೋನ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ತೆಳ್ಳಗಿನ ಹರಳಿಗೆ ಇದರ ಪೆಟ್ಟು ಜೋರು. 1.38ರ ಮೆಗ್ನೀಸಿಯಂ ಫ್ಲೋರೈಡ್ ಮೇಲಿಟ್ಟರೆ ಅದು 57ಕ್ಕೆ ಇಳಿಯುತ್ತದೆ.

ಅಳೆಯುವಾಗ 405 ನ್ಯಾನೊಮೀಟರ್ ಲೇಸರನ್ನು ಆಬ್ಜೆಕ್ಟಿವ್ ಮೂಲಕ ಹರಳಿನ ಒಂದು ಬಿಂದುವಿಗೆ ಬಿಟ್ಟು, ಆ ಬಿಂದುವಿನ ಮತ್ತು ತುದಿಯ ಪ್ರತಿದೀಪ್ತಿಯನ್ನು (ಲೇಸರನ್ನು ಹೀರಿದ ಹರಳು ತಾನೇ ಹೊಮ್ಮಿಸುವ ಬೆಳಕನ್ನು) ಬೇರೆ ಬೇರೆ ದಾಖಲಿಸಬೇಕು. ಬಿಂದುವನ್ನು ತುದಿಯಿಂದ ದೂರ ಸರಿಸುತ್ತ ಹೋಗಿ, ತುದಿ ಮತ್ತು ಬಿಂದುವಿನ ತೀವ್ರತೆಗಳ ಅನುಪಾತದ ನೈಸರ್ಗಿಕ ಲಾಗರಿದಮ್ಮನ್ನು ದೂರದ ಎದುರು ಗುರುತಿಸಿ. ರೇಖೆಯ ಇಳಿಜಾರನ್ನು 4.34ರಿಂದ ಗುಣಿಸಿದರೆ ಡೆಸಿಬೆಲ್. ಇಳಿಜಾರು ಮಿಲಿಮೀಟರಿಗೆ 2 ಇದ್ದರೆ ನಷ್ಟ 8.7 ಡೆಸಿಬೆಲ್: 100 ಮೈಕ್ರಾನ್ ದಾಟುವಾಗ ಶೇ 82ರಷ್ಟು ಬೆಳಕು ಉಳಿಯುತ್ತದೆ, 1 ಮಿಲಿಮೀಟರ್ ದಾಟುವಾಗ ಶೇ 13.5.

ದಾರಿ ತಪ್ಪುವುದು ಇಲ್ಲೇ. ಲೇಸರ್ ಬಿದ್ದ ಜಾಗದಲ್ಲಿ ಡಿಟೆಕ್ಟರ್ ಸ್ಯಾಚುರೇಟ್ ಆದರೆ (ತನ್ನ ಮಿತಿ ಮುಟ್ಟಿದರೆ) ಅನುಪಾತವೇ ಸುಳ್ಳು. ಹೊತ್ತು ಕಳೆದಂತೆ ಅಣುಗಳು ಬೆಳಕಿಗೆ ಸುಟ್ಟು ಮಂಕಾಗುತ್ತವೆ. ಕೊನೆಯಲ್ಲಿ ಮೊದಲ ಬಿಂದುವಿಗೆ ಮರಳಿ, ಅದೇ ಅಂಕಿ ಬರುತ್ತದೆಯೇ ನೋಡಿ. ಮುರಿದ ತುದಿ ಬೆಳಕನ್ನು ಅಡ್ಡಾದಿಡ್ಡಿ ಚೆಲ್ಲುತ್ತದೆ. ಎಲ್ಲಕ್ಕಿಂತ ದೊಡ್ಡ ಮೋಸ ಸ್ವಯಂ ಹೀರಿಕೆಯದು: ದೂರ ಹೆಚ್ಚಿದಂತೆ ರೋಹಿತದ (ಹೊಮ್ಮಿದ ಬೆಳಕಿನ ಬಣ್ಣಗಳ ಸಾಲಿನ) ನೀಲಿ ಅಂಚನ್ನು ಹರಳೇ ನುಂಗುತ್ತದೆ, ಕೆಂಪು ಅಂಚು ಉಳಿಯುತ್ತದೆ. ಕೆಂಪು ಕಡೆಯಷ್ಟೇ ಲೆಕ್ಕ ಹಾಕಿದರೆ ನಷ್ಟ ಕಡಿಮೆ, ಇಡೀ ರೋಹಿತ ಕೂಡಿಸಿದರೆ ಹೆಚ್ಚು. ಯಾವ ತರಂಗಾಂತರ ಎಂದು ಹೇಳದ ಅಂಕಿಗೆ ಬೆಲೆ ಕೊಡಬೇಕಾಗಿಲ್ಲ.

ಬಗ್ಗುವ ಹರಳುಗಳ ಸಂಶೋಧನೆಯಲ್ಲಿ ಭಾರತದ ಪಾಲು ದೊಡ್ಡದು. ಕೋಲ್ಕತ್ತದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ ಐಸರ್‌ನಿಂದ ಮಲ್ಲಾ ರೆಡ್ಡಿಯವರ ಗುಂಪು 2012ರಲ್ಲಿ ತೋರಿಸಿದ ಎಲಾಸ್ಟಿಕ್ (ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುವ) ಹರಳಿನಲ್ಲಿ ಇದ್ದದ್ದು ಕೆಫೀನ್, ನಮ್ಮ ಕಾಫಿಯದೇ. ಹೈದರಾಬಾದ್ ವಿಶ್ವವಿದ್ಯಾಲಯದ ರಾಜದುರೈ ಚಂದ್ರಶೇಖರ್ ಅವರ ಗುಂಪು ಎಎಫ್‌ಎಂ (ಪರಮಾಣು ಬಲ ಸೂಕ್ಷ್ಮದರ್ಶಕದ) ಸೂಜಿಯಿಂದ ಹರಳುಗಳನ್ನು ತಳ್ಳಿ, ಬಗ್ಗಿಸಿ, ಕತ್ತರಿಸಿ ಬೆಳಕಿನ ಸರ್ಕ್ಯೂಟ್ ಜೋಡಿಸುತ್ತದೆ. ಎಷ್ಟು ಬಗ್ಗಿಸಬಹುದು ಎಂಬುದಕ್ಕೆ ಲೆಕ್ಕ ಸುಲಭ: ಹೊರಮೈಯ ಎಳೆತವೆಂದರೆ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದ್ದು. 20 ಮೈಕ್ರಾನ್ ದಪ್ಪದ ಹರಳನ್ನು 1 ಮಿಲಿಮೀಟರ್ ತ್ರಿಜ್ಯಕ್ಕೆ ಬಗ್ಗಿಸಿದರೆ ಶೇ 1. ಬಗ್ಗಿದ ತೆಳು ಹರಳು ಸ್ಲೈಡಿಗೆ ಅಂಟಿಕೊಂಡು ಹಾಗೇ ನಿಲ್ಲುತ್ತದೆ, ದಪ್ಪನೆಯದು ಚಿಮ್ಮಿ ನೆಟ್ಟಗಾಗುತ್ತದೆ. ಆದರೆ ಗಾಜಿನೊಳಗೆ ಹೆಚ್ಚು ಬೆಳಕು ಸೋರುವುದೂ ಆ ತೆಳು ಹರಳಿನಿಂದಲೇ, ಹಾಗಾಗಿ ದಪ್ಪವನ್ನು ಆರಿಸುವಾಗ ಎರಡನ್ನೂ ತೂಗಲೇಬೇಕು.