ಫೈಟರ್ ಮರಿ ಅಡ್ಡ ತಿರುಗುವ ದಿನ

ಫೈಟರ್ ಮೀನಿನ ಮೊಟ್ಟೆ ಒಡೆದು ಮೂರನೆಯ ದಿನದ ಬೆಳಿಗ್ಗೆ. ಗಾಜಿನ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ, ನಿನ್ನೆಯವರೆಗೂ, ಗಂಡು ನೀರ ಮೇಲೆ ಗುಳ್ಳೆಗಳಿಂದ ಕಟ್ಟಿದ ನೊರೆಗೂಡಿನ ಕೆಳಗೆ ಬಾಲ ಇಳಿಬಿಟ್ಟು ನೇತಾಡುತ್ತಿದ್ದ ಮರಿಗಳಲ್ಲಿ ಹತ್ತಿಪ್ಪತ್ತು ಅಡ್ಡವಾಗಿ ಈಜುತ್ತಿವೆ. ಒಂದೊಂದೂ ಸುಮಾರು 3 ಮಿಲಿಮೀಟರ್. ಎರಡು ಕಪ್ಪು ಕಣ್ಣು, ಹಿಂದೆ ಕೂದಲೆಳೆಯಂಥ ಮೈ. ಗಂಡು ಮೀನಿಗೆ ಮಾತ್ರ ಸಮಾಧಾನವಿಲ್ಲ. ಕೆಳಗೆ ಬಿದ್ದ ಮರಿಯನ್ನು ಬಾಯಲ್ಲಿ ಎತ್ತಿ ತಂದು ಗೂಡಿಗೆ ಉಗುಳುವುದೇ ಅದರ ಈವರೆಗಿನ ಕೆಲಸ. ಈಗ ಒಂದನ್ನು ತಂದು ಬಿಡುವಷ್ಟರಲ್ಲಿ ಮೂರು ಈಜಿ ಹೋಗಿರುತ್ತವೆ. ಬಹುಪಾಲು ಮರಿಗಳು ಅಡ್ಡ ತಿರುಗಿದವೋ, ಗಂಡನ್ನು ಲೋಟದಲ್ಲಿ ಹಿಡಿದು ತೆಗೆಯಬೇಕು. ಬಲೆ ಹಾಕಿದರೆ ಮರಿಗಳೂ ಸಿಕ್ಕಿಕೊಳ್ಳುತ್ತವೆ. ಹಸಿದು ದಣಿದ ಗಂಡು ಮರಿಗಳಿಗೇ ಬಾಯಿ ಹಾಕುವ ಹೊತ್ತು ಇದು. ಹೆಣ್ಣನ್ನಂತೂ ಮೊಟ್ಟೆ ಇಟ್ಟ ದಿನವೇ ಬೇರೆ ಮಾಡಿರಬೇಕು.

ನೀರು 28 ಡಿಗ್ರಿ ಇದ್ದರೆ ಮೊಟ್ಟೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತದೆ. ಆಮೇಲಿನ ಎರಡು ಮೂರು ದಿನ ಹೊಟ್ಟೆಗಂಟಿದ ಹಳದಿ ಚೀಲವೇ ಮರಿಯ ಊಟ. ಹೊರಗಿನಿಂದ ಏನು ಹಾಕಿದರೂ ಕೊಳೆತು ನೀರು ಕೆಡುತ್ತದೆ, ಅಷ್ಟೆ. ಆ ಚೀಲ ಕರಗುತ್ತ ಬಂದು ಮರಿ ಅಡ್ಡ ಈಜತೊಡಗಿದಾಗ, ಬಾಯಿಗೆ ಹಿಡಿಸುವಷ್ಟು ಸಣ್ಣ ಜೀವಂತ ಆಹಾರ ಅದೇ ದಿನ ತಯಾರಿರಬೇಕು. ಮರಿಗಳು ರಾಶಿರಾಶಿ ಸಾಯುವುದು ಇಲ್ಲಿಯೇ. ಜೋಡಿ ಕೂಡಿಸುವ ಸಂಭ್ರಮದಲ್ಲಿ ಆಹಾರದ ನೆನಪಾಗುವುದು ತಡವಾಗಿ.

ಹಾಗಾಗಿ ಗಂಡು ಹೆಣ್ಣನ್ನು ಗಾಜಿನ ಆಚೀಚೆ ಇಡುವ ದಿನವೇ, ಹಳೆಯ ತೊಟ್ಟಿಯ ಒಂದು ಲೀಟರ್ ನೀರಿಗೆ ಬೆರಳಗಲದ ಬಾಳೆಸಿಪ್ಪೆ ಹಾಕಿ ಬೆಳಕಿರುವ ಕಡೆ ಇಟ್ಟುಬಿಡಿ. ಮೊದಲು ನೀರು ಹಾಲಿನಂತೆ ಕದಡಿ ನಾರುತ್ತದೆ. ನಾಲ್ಕೈದು ದಿನಕ್ಕೆ ತಿಳಿಯಾಗತೊಡಗಿ, ಬೆಳಕಿಗೆ ಹಿಡಿದರೆ ಧೂಳಿನಂಥ ಚುಕ್ಕಿಗಳು ಓಡಾಡುತ್ತವೆ. ಅದೇ ಇನ್ಫ್ಯುಸೋರಿಯಾ, ಮರಿಯ ಬಾಯಿಗೆ ಹಿಡಿಸುವ ಸೂಕ್ಷ್ಮಜೀವಿಗಳು. ಡ್ರಾಪರಿನಲ್ಲಿ ದಿನಕ್ಕೆ ಮೂರು ಸಲ ಕೊಡಿ. ನಾರುತ್ತಿರುವಾಗಲೇ ಸುರಿದರೆ ಬ್ಯಾಕ್ಟೀರಿಯಾ ಉಕ್ಕಿ ಆಮ್ಲಜನಕ ಕುಸಿಯುತ್ತದೆ. ಬೆಂದ ಮೊಟ್ಟೆಯ ಹಳದಿ ಕೊಡುವ ರೂಢಿಯೂ ಇದೆ. ಮರಿ ತೊಟ್ಟಿಯ ಕಡಿಮೆ ನೀರಿನಲ್ಲಿ ಅದು ಬೇಡವೇ ಬೇಡ.

ಮೂರು ನಾಲ್ಕು ದಿನ ಕಳೆದ ಮೇಲೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಹುಳು. ಅದರ ಮೊಟ್ಟೆ ಒಡೆಯಲು ಲೀಟರಿಗೆ 25 ಗ್ರಾಂ ಉಪ್ಪು, ಜೋರು ಗಾಳಿ, ಒಂದು ದಿನದ ಕಾಯುವಿಕೆ. ಗಾಳಿ ನಿಲ್ಲಿಸಿ ತಳದಲ್ಲಿ ಬೆಳಕಿಟ್ಟರೆ ಮರಿಹುಳುಗಳು ಅಲ್ಲಿ ಸೇರುತ್ತವೆ, ಖಾಲಿ ಚಿಪ್ಪು ಮೇಲೆ ತೇಲುತ್ತದೆ. ಒತ್ತು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿರುತ್ತದೆ. ಹಾಗೆ ಕಾಣದಿದ್ದರೆ ಅದಕ್ಕೆ ಇನ್ನೂ ಇನ್ಫ್ಯುಸೋರಿಯಾ ಬೇಕು.

ತೊಟ್ಟಿಯ ಮುಚ್ಚಳ ತೆಗೆದಿಡಬೇಡಿ. ಮೂರರಿಂದ ಐದನೆಯ ವಾರದಲ್ಲಿ ಮೇಲಿನ ಗಾಳಿ ಉಸಿರಾಡುವ ಅಂಗ ಬೆಳೆಯುತ್ತದೆ; ಆಗ ಬೆಚ್ಚನೆಯ, ತೇವದ ಗಾಳಿ ಬೇಕು. ನೀರ ಮೇಲೆ ಜಿಡ್ಡು ಕಟ್ಟಿದರೆ ಟಿಶ್ಯೂ ಹಾಸಿ ಎತ್ತಿ. ತಳದ ಕಸವನ್ನು ಏರ್‌ಪಂಪಿನ ತೆಳು ಪೈಪಿನಿಂದ ಬಿಳಿ ಮಗ್ಗಿಗೆ ಎಳೆದುಕೊಂಡು, ಚೆಲ್ಲುವ ಮುಂಚೆ ಐದು ನಿಮಿಷ ಬಿಡಿ. ಕಸದ ನಡುವೆ ಜೋಡಿ ಕಪ್ಪು ಚುಕ್ಕಿ ಅಲ್ಲಾಡಿದರೆ ಚಮಚದಲ್ಲಿ ಎತ್ತಿ ತೊಟ್ಟಿಗೆ ವಾಪಸ್ ಬಿಡಿ.