ಮಾವ, ನೀನ್ಯಾಕೆ ರೇಟ್ ಹೇಳ್ಲಿಲ್ಲ?

ಈ ವಾರವೆಲ್ಲ ಕಿವಿಯಲ್ಲಿ ಅದೇ ಮಾತು. ಕೋಲಾರದ ಎಪಿಎಂಸಿಯಲ್ಲಿ, ಟೊಮೆಟೊ ಬಾಕ್ಸುಗಳ ಸಾಲಿನ ನಡುವೆ ನಿಂತು, ನನ್ನ ಹತ್ತು ವರ್ಷದ ಮಗಳು ನಮ್ಮಣ್ಣನನ್ನು ಕೇಳಿದಳು. "ಮಾವ, ನೀನ್ಯಾಕೆ ರೇಟ್ ಹೇಳ್ಲಿಲ್ಲ?"

ಅಣ್ಣ ಕೊಟ್ಟ ಉತ್ತರವೂ ಅಷ್ಟೇ ಚಿಕ್ಕದು. "ನಾವು ಹೇಳೋ ಹಂಗಿಲ್ಲ ಅಮ್ಮಣ್ಣಿ. ಅವರು ಹೇಳ್ತಾರೆ."

ಮಗಳು ಫೋನಿನಲ್ಲಿ ಹೇ ಡೇ ಆಡುತ್ತಾಳೆ. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ತಂದ ಬೇಸಾಯದ ಆಟ ಅದು. ಗೋಧಿ ಎರಡು ನಿಮಿಷಕ್ಕೆ, ಮುಸುಕಿನ ಜೋಳ ಐದು ನಿಮಿಷಕ್ಕೆ ಕೊಯ್ಲಿಗೆ ಬರುತ್ತದೆ. ಒಂದು ಬಿತ್ತಿದರೆ ಎರಡು ಸಿಗುತ್ತದೆ. ನೀರು ಹಾಯಿಸುವ ಕೆಲಸವಿಲ್ಲ, ಹುಳ ಬೀಳುವುದಿಲ್ಲ, ಕೊಯ್ಯುವುದು ನಾಳೆಯಾದರೂ ನಾಡಿದ್ದಾದರೂ ಪೈರು ಹಾಗೇ ನಿಂತಿರುತ್ತದೆ. ಬೆಳೆದದ್ದನ್ನು ರಸ್ತೆ ಬದಿಯ ಅಂಗಡಿಯಲ್ಲಿಟ್ಟು ಬೆಲೆ ಹಾಕುತ್ತಾಳೆ. ಇದಕ್ಕಿಂತ ಮೇಲೆ ಹೋಗಬಾರದು ಅಂತ ಆಟದಲ್ಲೇ ಒಂದು ಮಿತಿ ಇದೆ, ಅದರೊಳಗೆ ಅವಳಿಟ್ಟದ್ದೇ ಬೆಲೆ. ಬೆಳೆದವರೇ ಬೆಲೆ ಹೇಳುತ್ತಾರೆ ಅನ್ನುವುದು ಅವಳಿಗೆ ಅನುಮಾನವೇ ಇಲ್ಲದ ವಿಷಯ. ಹಾಗೆ ತಿಳಿದುಕೊಂಡೇ ಅವಳು ಅವತ್ತು ಅಣ್ಣನ ಟೆಂಪೋ ಹತ್ತಿದ್ದು.

ನಮ್ಮ ಬಾಕ್ಸುಗಳ ಸರದಿ ಬಂದಾಗ ಬಿಸಿಲು ಏರಿತ್ತು. ಹರಾಜು ಕೂಗುವವನು ಬಂದ, ಮೇಲಿನ ಬಾಕ್ಸಿನಿಂದ ಎರಡು ಹಣ್ಣು ಎತ್ತಿ ಒತ್ತಿ ನೋಡಿದ, ಕೂಗು ಶುರು ಮಾಡಿದ. ಕನ್ನಡ, ತೆಲುಗು, ಹಿಂದಿ ಎಲ್ಲ ಕಲೆತ ಕೂಗು. ಸುತ್ತ ನಿಂತ ವ್ಯಾಪಾರಿಗಳಲ್ಲಿ ಒಬ್ಬ ತಲೆ ಆಡಿಸಿದ, ಇನ್ನೊಬ್ಬ ಹತ್ತು ರೂಪಾಯಿ ಏರಿಸಿದ, ಅಲ್ಲಿಗೆ ಮುಗಿಯಿತು. 15 ಕೆಜಿಯ ಬಾಕ್ಸಿಗೆ 160 ರೂಪಾಯಿ. ನಮ್ಮ ಮಾಲನ್ನು ಹರಾಜಿಗಿಟ್ಟ ಮಂಡಿಯ ಹುಡುಗ ಚೀಟಿ ಬರೆದುಕೊಂಡು ಪಕ್ಕದ ಸಾಲಿಗೆ ಹೋದ. ಅಷ್ಟೂ ಹೊತ್ತು ಅಣ್ಣ ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಎಲ್ಲರ ಹಿಂದೆ ನಿಂತಿದ್ದ. ಅಲ್ಲಿದ್ದವರಲ್ಲಿ ಬಾಯಿ ಬಿಡದವನು ಅವನೊಬ್ಬನೇ, ಮಾಲು ಅವನದ್ದು.

ಅವನ ಕೈ ಒಮ್ಮೆ ನೋಡಬೇಕು. ಟೊಮೆಟೊ ಗಿಡದ ಅಂಟು ಬೆರಳ ಸಂದಿಯಲ್ಲಿ ಮೊದಲು ಹಸಿರಾಗಿ, ಆಮೇಲೆ ಕಪ್ಪಾಗಿ ಕೂತುಬಿಡುತ್ತದೆ. ಸೋಪು ಹಾಕಿ ತಿಕ್ಕಿದರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಮ್ಮತ್ತಿಗೆ ಒಂದು ಕಾಯಿ ಟೊಮೆಟೊ ಹಿಚುಕಿ, ಆ ಹುಳಿರಸದಲ್ಲಿ ಕೈ ಉಜ್ಜಿ, ಆಮೇಲೆ ಊಟಕ್ಕೆ ಕೂರುತ್ತಾರೆ. ಮಗಳೂ ಅವತ್ತು ನಾಲ್ಕು ಸಾಲು ಹಣ್ಣು ಕಿತ್ತಳು, ಅತ್ತೆ ಅವಳ ಕೈಯನ್ನೂ ಹಾಗೇ ಉಜ್ಜಿದರು. ಆಟದಲ್ಲಿ ಬೆರಳಿಟ್ಟು ಸವರಿದರೆ ಹೊಲವೆಲ್ಲ ಕೊಯ್ಲಾಗುತ್ತದಲ್ಲ, ಅದನ್ನು ಅವಳು ಅತ್ತೆಗೆ ತೋರಿಸಿದಾಗ ಅತ್ತಿಗೆ, "ಇಷ್ಟು ಬೇಗ ಆದ್ರೆ ಕೂಲಿಯೋರ ಗತಿ ಏನವ್ವಾ?" ಅಂದರು. ಅತ್ತಿಗೆಗೆ ಮೊದಲು ನೆನಪಾಗುವುದು ಯಾವಾಗಲೂ ಬೇರೆಯವರ ಹೊಟ್ಟೆ. ನಮ್ಮ ಮನೆಯಲ್ಲಿ ಅವರಷ್ಟು ದೊಡ್ಡ ಮನಸ್ಸಿನವರು ಇನ್ನೊಬ್ಬರಿಲ್ಲ.

ಸಸಿ ನಾಟಿ ಮಾಡಿ ಮೊದಲ ಹಣ್ಣು ಬಿಡಿಸುವುದಕ್ಕೆ ಎರಡು ತಿಂಗಳ ಮೇಲಾಗುತ್ತದೆ. ಮಲ್ಚಿಂಗ್ ಶೀಟು, ಡ್ರಿಪ್ ಪೈಪು, ನೀಲಗಿರಿ ಕಡ್ಡಿ ನೆಟ್ಟು ದಾರ ಕಟ್ಟುವುದು, ಗೊಬ್ಬರ, ಔಷಧಿ, ಕೂಲಿ ಎಲ್ಲ ಸೇರಿ ಈ ಸಲ ಎಕರೆಗೆ ಎರಡು ಲಕ್ಷ ದಾಟಿದೆ ಅಂತ ಅಣ್ಣನ ಲೆಕ್ಕ. ಬಿಳಿ ನೊಣ ಕೂತರೆ ಎಲೆ ಮುದುಡಿಕೊಂಡು ಗಿಡ ಅಲ್ಲಿಗೇ ನಿಲ್ಲುತ್ತದೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ನೀರು ಹಾಯಿಸಲು ರಾತ್ರಿಯೇ ಏಳಬೇಕು. ನೀರಿನ ವಿಷಯದಲ್ಲಿ ಮಾತ್ರ ಈಗ ಉಸಿರಾಡುವಂತಾಗಿದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾದ ಮೇಲೆ, ಸತ್ತೇಹೋಗಿದ್ದ ನಮ್ಮ ಬೋರ್‌ವೆಲ್ ಮತ್ತೆ ಎದ್ದಿದೆ. ಅದಕ್ಕೆ ಮೊದಲು ಸಾವಿರ ಅಡಿ ದಾಟಿ ಕೊರೆಸಿ ಧೂಳು ಮಾತ್ರ ಕಂಡವರು ನಾವು.

ಇಷ್ಟೆಲ್ಲದರಲ್ಲಿ ಅಣ್ಣನಿಗೆ ಒಂದು ಮಾತಿದೆ. ಯಾವ ತಳಿ, ಎಷ್ಟು ಅಂತರ, ಯಾವತ್ತು ಔಷಧಿ ಹೊಡೆಯುವುದು, ಯಾವತ್ತು ಬಿಡಿಸುವುದು, ಎಲ್ಲ ಅವನದೇ ತೀರ್ಮಾನ. ಮಾರುಕಟ್ಟೆಯ ಗೇಟು ದಾಟಿದ ಕೂಡಲೇ ಆ ಮಾತು ನಿಂತುಹೋಗುತ್ತದೆ. "ನಾವು ಹೇಳೋ ಹಂಗಿಲ್ಲ ಅಮ್ಮಣ್ಣಿ." ಅದನ್ನು ಅವನು ಹೇಳಿದಾಗ ದನಿಯಲ್ಲಿ ಬೇಸರವೂ ಇರಲಿಲ್ಲ. ನನ್ನನ್ನು ಕಾಡುತ್ತಿರುವುದು ಅದೇ.

ಮಂಡಿಯವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅತ್ತಿಗೆಯ ಆಪರೇಷನ್ನಿಗೆ ರಾತ್ರೋರಾತ್ರಿ ದುಡ್ಡು ಕೊಟ್ಟವರು ಅವರು. ಸಸಿಗೂ ಗೊಬ್ಬರಕ್ಕೂ ಮುಂಗಡ ಕೊಡುವವರೂ ಅವರೇ. ಆ ಋಣಕ್ಕೇ ಅಣ್ಣ ಬೇರೆ ಮಂಡಿಯ ಮೆಟ್ಟಿಲು ಹತ್ತುವುದಿಲ್ಲ. ಕೋಪ ಬರುವುದು ನಮ್ಮ ಭಾವನ ಮೇಲೆ. ಹಬ್ಬಕ್ಕೆ ಬಂದಾಗಲೆಲ್ಲ ಅಣ್ಣನಿಗೆ "ಜಮೀನು ಮಾರಿ ಸೈಟ್ ತಗೋ, ಕೂತು ತಿನ್ನು" ಅನ್ನುತ್ತಾರೆ. ಹೋಗುವಾಗ ಕಾರಿನ ಡಿಕ್ಕಿ ತುಂಬ ತರಕಾರಿ ಹಾಕಿಸಿಕೊಳ್ಳುತ್ತಾರೆ. ಅಣ್ಣನಿಗೆ ಜಮೀನು ಬೇಡವಾಗಿಲ್ಲ. ಅವನು ಒಳ್ಳೆಯ ಬೇಸಾಯಗಾರ, ಅದು ಅವನಿಗೂ ಗೊತ್ತು, ಊರಿಗೂ ಗೊತ್ತು.

2023ರ ಜುಲೈ ಎಲ್ಲರಿಗೂ ನೆನಪಿರಬೇಕು. ಇದೇ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಟಿವಿ ಹಾಕಿದರೆ ಟೊಮೆಟೊ ಬೆಳೆದು ಸಾಹುಕಾರರಾದವರ ಸುದ್ದಿ. ನೆಂಟರೆಲ್ಲ ಅಣ್ಣನಿಗೆ ಫೋನ್ ಮಾಡಿ "ಏನಪ್ಪಾ, ಕೋಟಿ ಬಂತಾ?" ಅಂತ ಕೇಳಿದರು. ಆಗ ಅವನ ಹೊಲದಲ್ಲಿ ಇದ್ದದ್ದು ರಾಗಿ ಪೈರು. ಆ ರೇಟು ನೋಡಿ ಕಂಡಕಂಡವರೆಲ್ಲ ನಾಟಿ ಮಾಡಿದರು, ಎಲ್ಲರ ಹಣ್ಣೂ ಒಟ್ಟಿಗೇ ಬಂತು, ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಇವತ್ತಿನ ಬೆಲೆ ನೋಡಿ ನೆಟ್ಟರೆ ಹಣ್ಣು ಬರುವುದು ಎರಡು ಮೂರು ತಿಂಗಳಾದ ಮೇಲಿನ ಬೆಲೆಗೆ. ಮಗಳ ಆಟದಲ್ಲಿ ಲೋಕವೆಲ್ಲ ಒಂದೇ ದಿನ ಗೋಧಿ ಬಿತ್ತಿದರೂ ಅವಳು ಇಡಬಹುದಾದ ಬೆಲೆ ಒಂದು ಕಾಸು ಇಳಿಯುವುದಿಲ್ಲ. ಆಟದ ಟೊಮೆಟೊ ಕಣಜದಲ್ಲಿ ಎಷ್ಟು ದಿನ ಬೇಕಾದರೂ ಇರುತ್ತದೆ. ಅಣ್ಣನಿಗೆ ಆ ಬಾಕ್ಸುಗಳನ್ನು ವಾಪಸ್ ಮನೆಗೆ ತರುವ ದಾರಿಯೇ ಇಲ್ಲ. ತಂದರೂ ಎರಡು ದಿನಕ್ಕೆ ಕೆಳಗಿನ ಹಣ್ಣು ಕರಗಿ ನೀರು ಬಿಡುತ್ತದೆ. ಬೇಡ ಅನ್ನಲು ಆಗದವನು ಬೆಲೆ ಹೇಗೆ ಹೇಳಿಯಾನು?

ಫಾರ್ಮ್‌ವಿಲ್ ಅಂತ ಇಂಥದೇ ಒಂದು ಆಟವಿತ್ತು, 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದದ್ದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಫೀಸಿನಲ್ಲಿ ಅದರದೇ ಮಾತು. ಅದರಲ್ಲಿ ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಪೈರು ಬಾಡಿಹೋಗುತ್ತಿತ್ತು. ನನ್ನ ಪಕ್ಕದ ಟೇಬಲಿನವಳು ಸ್ಟ್ರಾಬೆರಿ ಬಾಡುತ್ತದೆಂದು ಊಟ ಬಿಟ್ಟು ಎದ್ದು ಬರುತ್ತಿದ್ದಳು. ಬೆಳೆ ಕಣ್ಣೆದುರು ಹಾಳಾಗುವುದನ್ನು ಮನುಷ್ಯರು ಸಹಿಸಲಾರರು, ಅದು ಚಿತ್ರದ ಬೆಳೆಯಾದರೂ ಸರಿ. ಆ ಸಂಕಟ ಎಲ್ಲರೊಳಗೂ ಇದೆ ಅನ್ನುವುದು ನನಗೆ ಒಂದು ಸಮಾಧಾನ. ರಸ್ತೆ ಬದಿಗೆ ಟೊಮೆಟೊ ಸುರಿದ ಫೋಟೋ ಪೇಪರಿನಲ್ಲಿ ಬಂದಾಗಲೂ ಅದೇ ಸಂಕಟ ಹುಟ್ಟಬೇಕಲ್ಲವೇ?

ಇಂಥ ಆಟ ಆಡಿ ಮಕ್ಕಳು ಹಾಳಾಗುತ್ತಾರೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ನಮ್ಮ ತಾತ ಬಂಡಿಯಲ್ಲಿ ಆಲೂಗಡ್ಡೆ ಹೊಡೆದುಕೊಂಡು ಹೋದರು, ಅಪ್ಪ ಲಾರಿಯಲ್ಲಿ ಕಳಿಸಿದರು, ಅಣ್ಣ ಟೆಂಪೋದಲ್ಲಿ ಒಯ್ಯುತ್ತಾನೆ. ಮಳೆ ಬಂದಷ್ಟು, ರೇಟ್ ಸಿಕ್ಕಷ್ಟು ಅಂದುಕೊಂಡೇ ಮೂರು ತಲೆಮಾರು ಕಳೆಯಿತು. ನೀನ್ಯಾಕೆ ಹೇಳಲಿಲ್ಲ ಅಂತ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಕೇಳಿದ್ದು ಈ ಹುಡುಗಿ. ಆಟದಲ್ಲಿ ಬೆಲೆ ಇಟ್ಟು ರೂಢಿಯಾದವಳಾದ್ದರಿಂದಲೇ ಕೇಳಿದಳು. ರಾಗಿಗೆ ಬೆಂಬಲ ಬೆಲೆ ಇದೆ, 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ. ಟೊಮೆಟೊ ಆ ಪಟ್ಟಿಯಲ್ಲೇ ಇಲ್ಲ. ಬೇಗ ಕೆಡುವ ಮಾಲಿಗೆ ಬೆಂಬಲ ಬೆಲೆ ಕಷ್ಟ ಎನ್ನುತ್ತಾರೆ, ಇರಬಹುದು. ಹಾಗಾದರೆ ನಾಲ್ಕು ದಿನ ಇಟ್ಟುಕೊಂಡು ನೋಡಲು ರೈತನ ಕೈಗೆಟಕುವ ಕೋಲ್ಡ್ ಸ್ಟೋರೇಜ್ ಕೊಡಿ, ಹಳ್ಳಿಗಳ ಹತ್ತಿರವೇ ಹಣ್ಣನ್ನು ಸಾಸು, ಪೇಸ್ಟು ಮಾಡುವ ಘಟಕ ಕೊಡಿ. ಬೇಡ ಅನ್ನುವ ಶಕ್ತಿ ಬಂದರೆ ಬೆಲೆ ಹೇಳುವ ಬಾಯಿ ತಾನಾಗಿ ಬರುತ್ತದೆ.

ನಿನ್ನೆ ರಾತ್ರಿ ಅಣ್ಣನೇ ಫೋನ್ ಮಾಡಿ ಮಗಳಿಗೆ ಕೊಡು ಅಂದ. "ಅಮ್ಮಣ್ಣಿ, ನಿನ್ನಾಟದಲ್ಲಿ ನೀನಿಟ್ಟ ರೇಟಿಗೆ ಯಾರೂ ತಗೊಳ್ಲಿಲ್ಲ ಅಂದ್ರೆ ಏನ್ ಮಾಡ್ತೀಯ?"

"ಮುಂದಿನ ಸಲ ಕಮ್ಮಿ ಇಡ್ತೀನಿ. ಆದ್ರೆ ಕಮ್ಮಿ ಮಾಡೋದೂ ನಾನೇ ಮಾವ."

"ಹಂಗಾದ್ರೆ ಗುರುವಾರ ಮಂಡಿಗೆ ಬಾ, ನಮ್ಮದಕ್ಕೂ ನೀನೇ ಹೇಳುವಂತೆ" ಅಂತ ಅಣ್ಣ ಜೋರಾಗಿ ನಕ್ಕ. ಗುರುವಾರ ಸ್ಕೂಲಿದೆ, ಹೋಗೋ ಹಾಗಿಲ್ಲ ಅಂದೆ. ಬೆಳಿಗ್ಗೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.